ಅರವತ್ತು ಸೋಲುಗಳ ಗುರು

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಬಾಸ್ಕೆಟ್‌ಬಾಲ್ ಆಟ ಕಾಲಿಟ್ಟದ್ದು 1898ರಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿಯ ತಂಡವನ್ನು ತಿದ್ದಿ ಬೆಳೆಸಿದ ಶಿಕ್ಷಕರ ಪಟ್ಟಿ ಬಹಳ ಚಿಕ್ಕದು. ಅವರ ಕೀರ್ತಿಯೋ ಬಹಳ ದೊಡ್ಡದು. ಆ ಪಟ್ಟಿಯಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಉಂಡವನು ಒಬ್ಬನೇ ಒಬ್ಬ. ಒಂಬತ್ತು ವರ್ಷಗಳಲ್ಲಿ ಅವನ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ಆಟವನ್ನು ಲೋಕಕ್ಕೆ ಕೊಟ್ಟವನೂ ಅವನೇ ಎಂಬುದು ವಿಧಿಯ ಚೇಷ್ಟೆಯಂತೆ ತೋರುತ್ತದೆ. ಆದರೆ ಜೇಮ್ಸ್ ನೈಸ್ಮಿತ್ ಅದನ್ನು ಚೇಷ್ಟೆಯೆಂದಾಗಲಿ ಅಪಮಾನವೆಂದಾಗಲಿ ಬಗೆದವನಲ್ಲ. ಗೆಲುವು ಸೋಲುಗಳ ಲೆಕ್ಕವಿಡುವುದು ಗುರುವಿನ ಕೆಲಸವೆಂದು ಅವನಿಗೆ ಕಡೆಯವರೆಗೂ ಅನ್ನಿಸಲೇ ಇಲ್ಲ.

ಅವನು ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಆಲ್ಮಾಂಟ್ ಎಂಬ ಊರಿನ ಬಳಿ. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು. 1870ರಲ್ಲಿ ವಿಷಮಶೀತ ಜ್ವರ ಆ ಮನೆಯನ್ನು ಹೊಕ್ಕಿತು. ಕೆಲವೇ ವಾರಗಳ ಅಂತರದಲ್ಲಿ ತಂದೆಯೂ ಹೋದನು, ತಾಯಿಯೂ ಹೋದಳು. ಒಂಬತ್ತು ತುಂಬುವ ಹೊತ್ತಿಗೆ ತಬ್ಬಲಿಯಾದ ಹುಡುಗ ಸೋದರಮಾವ ಪೀಟರ್ ಯಂಗ್‌ನ ಆಶ್ರಯದಲ್ಲಿ ಬೆಳೆದನು. ಹೊಲದ ಕೆಲಸ, ಕುದುರೆಗಳ ಚಾಕರಿ, ಶಾಲೆ ಬಿಟ್ಟು ಕೆಲವು ಕಾಲ ಕಾಡಿನಲ್ಲಿ ಮರ ಕಡಿಯುವ ಕೂಲಿ. ಆಮೇಲೆ ತನಗಿಂತ ಚಿಕ್ಕವರೊಡನೆ ಮತ್ತೆ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತ ದಿನಗಳು. ಆ ಊರಿನ ಮಕ್ಕಳು ಆಡುತ್ತಿದ್ದ ಆಟವೊಂದಿತ್ತು. ದೊಡ್ಡ ಬಂಡೆಯ ಮೇಲೆ ಒಂದು ಸಣ್ಣ ಕಲ್ಲನ್ನಿರಿಸಿ ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಬೇಕು. ನಮ್ಮ ಲಗೋರಿಯ ದೂರದ ನೆಂಟನೆನ್ನಬಹುದು. ರಭಸದಿಂದ ಎಸೆದವನ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುತ್ತದೆ. ಅದನ್ನು ತರಲು ಓಡಿದವನು ಸಿಕ್ಕಿಬೀಳುತ್ತಾನೆ. ಮೆಲ್ಲನೆ, ಬಿಲ್ಲಿನ ಬಾಗಿನಂತೆ ಮೇಲಕ್ಕೆ ತೂರಿದವನೇ ಜಾಣ. ಈ ಸಣ್ಣ ತಿಳಿವು ಇಪ್ಪತ್ತು ವರ್ಷ ಆ ಹುಡುಗನ ಮನಸ್ಸಿನ ಮೂಲೆಯಲ್ಲಿ ಮಲಗಿತ್ತು.

ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ 1888ರಲ್ಲಿ ಪದವೀಧರನಾಗಿ ಅವನು ದೈವಶಾಸ್ತ್ರದ ಅಧ್ಯಯನಕ್ಕೆ ತೊಡಗಿದನು. ಪಾದ್ರಿಯಾಗಬೇಕೆಂಬುದು ಹಂಬಲ, ಆದರೆ ಮೈಯಲ್ಲಿ ಆಟದ ಹುಚ್ಚು. ಆಟದ ಬಯಲು ಸೈತಾನನ ಬಯಲೆಂದು ನಂಬಿದ್ದ ಸಹಪಾಠಿಗಳು ಅವನ ಆತ್ಮೋದ್ಧಾರಕ್ಕಾಗಿ ಚಿಂತಿಸಿದರು. ಒಮ್ಮೆ ಕಣ್ಣುಗಳ ಸುತ್ತ ಕಪ್ಪಗೆ ಬಾತ ಗುರುತುಗಳೊಡನೆಯೇ ಅವನು ಉಪದೇಶ ಪೀಠವನ್ನೇರಿದ್ದುಂಟು. ಇನ್ನೊಮ್ಮೆ ಆಟದ ನಡುವೆ ಜೊತೆಯವನೊಬ್ಬ ಸಿಟ್ಟಿನಿಂದ ಕೆಟ್ಟ ಮಾತಾಡಿ, ಪಕ್ಕದಲ್ಲಿ ನೈಸ್ಮಿತ್ ನಿಂತಿರುವುದನ್ನು ಕಂಡು ನಾಚಿ ಕ್ಷಮೆ ಬೇಡಿದನು. ತಾನು ಒಂದು ಮಾತನ್ನೂ ಆಡದೆ ಇದು ನಡೆದುದನ್ನು ಕಂಡಾಗ, ಪ್ರವಚನ ಮಂದಿರದಲ್ಲಿ ಮಾಡಬಹುದಾದ ಕೆಲಸವನ್ನು ಆಟದ ಬಯಲಿನಲ್ಲಿಯೂ ಮಾಡಬಹುದೆಂಬ ನಿಶ್ಚಯ ಅವನಲ್ಲಿ ಬಲಿಯಿತು. 1890ರಲ್ಲಿ ಅವನು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದನು.

ಅಲ್ಲಿ ನಡೆದ ಕಥೆ ಕ್ರೀಡಾಪ್ರಿಯರಿಗೆ ತಿಳಿದದ್ದೇ. ಮಂಜು ಸುರಿಯುವ ಚಳಿಗಾಲ, ಹೊರಗೆ ಆಡುವಂತಿಲ್ಲ. ಒಳಗಿನ ವ್ಯಾಯಾಮ ಶಾಲೆಯ ಕವಾಯತಿನಿಂದ ಬೇಸತ್ತ ಹದಿನೆಂಟು ಮಂದಿ ವಯಸ್ಕ ವಿದ್ಯಾರ್ಥಿಗಳು. ಇಬ್ಬರು ಶಿಕ್ಷಕರು ಸೋತು ಕೈಬಿಟ್ಟಿದ್ದ ಆ ತರಗತಿಯನ್ನು ಮುಖ್ಯಸ್ಥ ಲೂಥರ್ ಗ್ಯೂಲಿಕ್ ನೈಸ್ಮಿತ್‌ಗೆ ಒಪ್ಪಿಸಿ, ಹದಿನಾಲ್ಕು ದಿನಗಳಲ್ಲಿ ಹೊಸದೊಂದು ಆಟವನ್ನು ತರಬೇಕೆಂದನು. ಫುಟ್‌ಬಾಲನ್ನು ಒಳಕ್ಕೆ ತಂದರೆ ಮೈಮೂಳೆಗೆ ಅಪಾಯ. ಲಕ್ರಾಸ್ ತಂದರೂ ಅದೇ ಗತಿ. ಅವಧಿ ಮುಗಿಯುತ್ತಿದ್ದಂತೆ ನೈಸ್ಮಿತ್ ಆಟಗಳನ್ನು ಅನುಕರಿಸುವುದನ್ನು ಬಿಟ್ಟು, ಅವುಗಳ ಒರಟುತನ ಎಲ್ಲಿಂದ ಬರುತ್ತದೆಂದು ಯೋಚಿಸತೊಡಗಿದನು. ಚೆಂಡನ್ನು ಹಿಡಿದು ಓಡುವವನಿದ್ದರಲ್ಲವೆ ಅವನನ್ನು ಕೆಡಹುವವನ ಅಗತ್ಯ? ಹಾಗಾದರೆ ಚೆಂಡು ಹಿಡಿದವನು ಓಡಬಾರದು. ಗುರಿಯು ನೆಲದ ಮೇಲೆ ನೆಟ್ಟಗೆ ನಿಂತಿದ್ದರೆ ಬಲವಾಗಿ ಹೊಡೆದವನಿಗೆ ಲಾಭ. ಹಾಗಾದರೆ ಗುರಿಯ ಬಾಯಿ ಮೇಲ್ಮುಖವಾಗಿರಲಿ, ತಲೆಗಿಂತ ಎತ್ತರದಲ್ಲಿರಲಿ. ಆಗ ಎದ್ದು ಬಂದದ್ದು ಹಳ್ಳಿಯ ಆ ಬಂಡೆಕಲ್ಲಿನ ಆಟ.

ಬಲದ ಮದವನ್ನು ನಿಯಮದಿಂದಲೇ ಅಡಗಿಸಿದ ಈ ಯೋಚನೆಯಲ್ಲಿ ಧರ್ಮಶಾಸ್ತ್ರ ಓದಿದವನ ಕೈವಾಡ ನಮಗೆ ಕಾಣುತ್ತದೆ. 1891ರ ಡಿಸೆಂಬರ್‌ನಲ್ಲಿ ಹದಿಮೂರು ನಿಯಮಗಳನ್ನು ಟೈಪ್ ಮಾಡಿಸಿ ಗೋಡೆಗೆ ಹಚ್ಚಲಾಯಿತು. ಪೆಟ್ಟಿಗೆ ಬೇಕೆಂದು ಕೇಳಿದ್ದಕ್ಕೆ ಶಾಲೆಯ ಜವಾನ ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನು ಮೊಳೆ ಹೊಡೆದು ನಿಲ್ಲಿಸಿದ ಉಪ್ಪರಿಗೆಯ ಅಂಚು ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಅದೇ ಹತ್ತು ಅಡಿ. ಮೊದಲ ಪಂದ್ಯದಲ್ಲಿ ಒಂದು ಕಡೆಗೆ ಒಂಬತ್ತು ಜನ. ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಆಟಕ್ಕೆ ನೈಸ್ಮಿತ್‌ನ ಹೆಸರಿಡೋಣವೆಂದು ವಿದ್ಯಾರ್ಥಿಯೊಬ್ಬ ಸೂಚಿಸಿದಾಗ ಅವನು ನಕ್ಕುಬಿಟ್ಟನು. ಅದು ಬುಟ್ಟಿಯ ಹೆಸರನ್ನೇ ಹೊತ್ತುಕೊಂಡಿತು. 1892ರ ಮಾರ್ಚ್ 11ರಂದು ಜನರೆದುರಿಗೆ ನಡೆದ ಮೊದಲ ಪಂದ್ಯದಲ್ಲಿ ವಿದ್ಯಾರ್ಥಿಗಳು ಶಿಕ್ಷಕರನ್ನು 5–1ರಿಂದ ಸೋಲಿಸಿದರು. ಶಿಕ್ಷಕರ ತಂಡದಲ್ಲಿ ನೈಸ್ಮಿತ್ ಇದ್ದನು. ಸೋಲಿನ ಲೆಕ್ಕ ಆರಂಭವಾದದ್ದು ಹೀಗೆ. ಆಟವನ್ನು ನೋಡಿ ತಾವೂ ಕಲಿಯಬೇಕೆಂದು ಬಂದ ಹೆಂಗಸರಲ್ಲಿ ಮಾಡ್ ಶರ್ಮನ್ ಎಂಬಾಕೆ 1894ರಲ್ಲಿ ಅವನ ಕೈಹಿಡಿದಳು.

ಅದೇ ಶಾಲೆಯಲ್ಲಿ ಕಲಿತ ವಿಲಿಯಂ ಮಾರ್ಗನ್ 1895ರಲ್ಲಿ ನೆರೆಯ ಹೋಲಿಯೋಕ್ ಪಟ್ಟಣದಲ್ಲಿ ವ್ಯಾಯಾಮ ನಿರ್ದೇಶಕನಾಗಿದ್ದನು. ನಡುವಯಸ್ಸಿನ ವ್ಯಾಪಾರಸ್ಥರಿಗೆ ಬಾಸ್ಕೆಟ್‌ಬಾಲ್ ಮೈನೋವು ತರುತ್ತದೆಂದು ಅವನು ಬಲೆಯೊಂದನ್ನು ಕಟ್ಟಿ ಮತ್ತೊಂದು ಆಟವನ್ನು ಹೂಡಿದನು. ಅದೇ ವಾಲಿಬಾಲ್. ಒಂದು ಶಾಲೆಯ ನೆರಳಿನಲ್ಲಿ ನಾಲ್ಕೇ ವರ್ಷಗಳ ಅಂತರದಲ್ಲಿ ಎರಡು ಆಟಗಳು ಹುಟ್ಟಿದುವು. ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣ ಕಾಲೇಜನ್ನು ತೆರೆದನು. ಅಲ್ಲಿ ಕಲಿತು ಬಂದ ನಮ್ಮ ಎಷ್ಟೋ ಡ್ರಿಲ್ ಮೇಷ್ಟರುಗಳ ಗುರುಪರಂಪರೆ ಹೀಗೆ ಆ ಪೀಚ್ ಬುಟ್ಟಿಗಳವರೆಗೂ ಹೋಗುತ್ತದೆ.

ನೈಸ್ಮಿತ್ ಮಾತ್ರ ತನ್ನ ಆಟದ ಹಿಂದೆ ಹೋಗಲಿಲ್ಲ. ಡೆನ್ವರ್ ನಗರಕ್ಕೆ ಹೋಗಿ ಕೆಲಸ ಮಾಡುತ್ತಲೇ ವೈದ್ಯಶಾಸ್ತ್ರ ಓದಿ 1898ರಲ್ಲಿ ಡಾಕ್ಟರನಾದನು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾನಿಲಯ ಅವನನ್ನು ಕರೆಸಿಕೊಂಡದ್ದು ಪ್ರಾರ್ಥನಾ ಮಂದಿರದ ನಿರ್ದೇಶಕನಾಗಿ ಮತ್ತು ದೇಹಶಿಕ್ಷಣದ ಅಧ್ಯಾಪಕನಾಗಿ. ಬಾಸ್ಕೆಟ್‌ಬಾಲ್ ತಂಡ ಅದರ ಜೊತೆಗೆ ಬಂದ ಕೆಲಸ. 1899ರ ಫೆಬ್ರವರಿ 3ರ ಮೊದಲ ಪಂದ್ಯವನ್ನು ಅವನ ಹುಡುಗರು 16–5ರಿಂದ ಸೋತರು. ಎಷ್ಟೋ ವೇಳೆ ತನ್ನ ತಂಡ ಆಡುವಾಗ ಅವನು ತೀರ್ಪುಗಾರನಾಗಿ ನಿಲ್ಲುತ್ತಿದ್ದನು. ಹೊಸ ವಿದ್ಯಾರ್ಥಿಗಳ ಎದೆ, ಬೆನ್ನು, ಉಸಿರುಗಳನ್ನು ಅಳೆದು ಬರೆದಿಡುವುದು, ಆರೋಗ್ಯಶಾಸ್ತ್ರದ ಪಾಠ ಹೇಳುವುದು, ಕತ್ತಿವರಿಸೆ ಕಲಿಸುವುದು ಅವನಿಗೆ ಪ್ರಿಯವಾದ ಕೆಲಸಗಳು.

ಅವನ ಕೈಕೆಳಗೆ ಆಡಿದ ಫಾರೆಸ್ಟ್ ಅಲೆನ್ ಎಂಬ ಯುವಕನಿಗೆ ಹತ್ತಿರದ ಕಾಲೇಜೊಂದು ಬಾಸ್ಕೆಟ್‌ಬಾಲ್ ಶಿಕ್ಷಕನ ಹುದ್ದೆ ಕೊಟ್ಟಾಗ ಗುರುವಿಗೆ ಆಶ್ಚರ್ಯ. ಈ ಆಟ ಆಡುವಂಥದೇ ಹೊರತು ಕಲಿಸುವಂಥದಲ್ಲವೆಂಬುದು ಅವನ ಅಭಿಪ್ರಾಯ. ಶಿಷ್ಯ ಒಪ್ಪಲಿಲ್ಲ. 1907ರಲ್ಲಿ ಕಾನ್ಸಾಸಿನ ತಂಡ ಅಲೆನ್‌ನ ಕೈಗೆ ಬಂತು. ನಡುವೆ ಕೆಲವು ವರ್ಷ ಬಿಟ್ಟು 1956ರವರೆಗೂ ಇದ್ದು ಅವನು ಅಲ್ಲಿಯೇ 590 ಪಂದ್ಯಗಳನ್ನು ಗೆದ್ದನು. ಒಂದೇ ವಿದ್ಯಾಪೀಠದಲ್ಲಿ ಆಟವೊಂದರ ಪಿತನೂ ಅದರ ತರಬೇತಿ ವಿದ್ಯೆಯ ಪಿತನೂ ವರ್ಷಗಟ್ಟಲೆ ಒಟ್ಟಿಗಿದ್ದರು. ಲೋಕ ಅಲೆನ್‌ನ ದಾರಿಯನ್ನೇ ಹಿಡಿಯಿತು. ಈ ವಾದದಲ್ಲಿ ನೈಸ್ಮಿತ್ ಸೋತನೆಂದು ಬರೆಯುವವರಿದ್ದಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದಕ್ಕೆ ಕಾರಣ ಜಾನ್ ಮೆಕ್‌ಲೆಂಡನ್.

ಅದಕ್ಕೆ ಮುನ್ನ ಬಹಳ ಕಾಲ ಕಳೆದಿತ್ತು. 1916ರಲ್ಲಿ ಮೆಕ್ಸಿಕೋ ಗಡಿಯ ಸೈನಿಕರಿಗೆ ಪಾದ್ರಿಯಾಗಿಯೂ, 1917ರಿಂದ 1919ರವರೆಗೆ ಫ್ರಾನ್ಸಿನಲ್ಲಿ ಯುದ್ಧನಿರತ ಯುವಕರಿಗೆ ಆರೋಗ್ಯ ಬೋಧಕನಾಗಿಯೂ ದುಡಿದು ಬಂದ ನೈಸ್ಮಿತ್ 1925ರಲ್ಲಿ ಅಮೆರಿಕದ ಪ್ರಜೆಯಾಗಿದ್ದನು. 1933ರಲ್ಲಿ ಎಪ್ಪತ್ತು ದಾಟಿದ ಆ ಪ್ರಾಧ್ಯಾಪಕನ ಕೋಣೆಗೆ ಒಬ್ಬ ಕಪ್ಪು ಹುಡುಗ ಬಂದು, ತನಗೆ ಮಾರ್ಗದರ್ಶಕರಾಗಬೇಕೆಂದು ಕೇಳಿದನು. ಹಾಗೆಂದು ತಂದೆ ಅವನಿಗೆ ಹೇಳಿ ಕಳುಹಿಸಿದ್ದನು. ಕಪ್ಪು ಜನರಿಗೆ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನವಿರಲಿಲ್ಲ, ಈಜುಕೊಳದಲ್ಲಿಯೂ ಇರಲಿಲ್ಲ. ಆಟವನ್ನು ಕಂಡುಹಿಡಿದವನ ಶಿಷ್ಯನೇ ಆ ಆಟದ ತಂಡದಿಂದ ಹೊರಗೆ ನಿಂತನು. ಈ ಅನ್ಯಾಯವನ್ನು ಮುರಿಯುವ ಅಧಿಕಾರ ಮುದುಕನಿಗೆ ಇರಲಿಲ್ಲವೆನ್ನಬಹುದು. ಆದರೂ ಮೊದಲ ಕಪ್ಪು ಆಟಗಾರ ಕಾನ್ಸಾಸ್ ತಂಡಕ್ಕೆ ಬರಲು 1951 ಆಗಬೇಕಾಯಿತೆಂಬುದನ್ನು ಮರೆಸಿ ಈ ಕಥೆಯನ್ನು ಸಿಹಿಯಾಗಿಸುವುದು ಸರಿಯಲ್ಲ.

ನೈಸ್ಮಿತ್ ತನ್ನಿಂದಾದುದನ್ನು ಮಾಡಿದನು. ತನ್ನ ವಿಭಾಗದಲ್ಲಿ ಅವನನ್ನು ಇರಿಸಿಕೊಂಡನು. ಊರಿನ ಪ್ರೌಢಶಾಲೆಯಲ್ಲಿ ಹುಡುಗರಿಗೆ ಆಟ ಕಲಿಸುವ ಅವಕಾಶಕ್ಕೆ ದಾರಿ ಮಾಡಿದನು. ಒಮ್ಮೆ ಮಕ್ಕಳು ಕ್ರಮವಿಲ್ಲದೆ, ಚೆಂಡು ಹೋದಲ್ಲೆಲ್ಲ ಬಯಲಿನ ತುಂಬ ಬೆನ್ನಟ್ಟಿ ಆಡುವುದನ್ನು ತೋರಿಸಿ, ಆಟವನ್ನು ಆಡಬೇಕಾದ್ದೇ ಹಾಗೆಂದು ತಿಳಿಸಿದನು. ಬುಟ್ಟಿಯ ಬುಡದಲ್ಲಿ ಗುಂಪುಗೂಡಿ ಕಾಯುವ ರಕ್ಷಣಾತಂತ್ರಗಳನ್ನು ಅವನು ಎಂದೂ ಮೆಚ್ಚಿದವನಲ್ಲ. ಕಲಿಸಲಾಗದೆಂದು ಹೇಳುತ್ತಿದ್ದವನು ಕಲಿಸಿದ್ದು ಹೀಗೆ. 1936ರಲ್ಲಿ ಕಾನ್ಸಾಸಿನಿಂದ ದೇಹಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾಗಿ ಹೊರಬಿದ್ದ ಮೆಕ್‌ಲೆಂಡನ್ ಆ ಒಂದು ನೋಟದಿಂದ ಮೈದಾನದ ಉದ್ದಗಲಕ್ಕೂ ಹರಿಯುವ ವೇಗದ ಆಟವನ್ನು ಕಟ್ಟಿದನು. ಅವನು ಬೆಳೆಸಿದ ಟೆನೆಸೀ ಸ್ಟೇಟ್ ತಂಡ 1957, 1958, 1959ರಲ್ಲಿ ಸತತವಾಗಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು.

1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಸೇರಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಅಲೆನ್ ಮುಖ್ಯನು. ಆಟದಿಂದ ಐಶ್ವರ್ಯ ಕಾಣದ ನೈಸ್ಮಿತ್‌ಗೆ ಹಡಗಿನ ಖರ್ಚಿಗೆ ಹಣವಿರಲಿಲ್ಲ. ಪಂದ್ಯಗಳಲ್ಲಿ ಪುಡಿಗಾಸು ಕೂಡಿಸಿ ಶಿಕ್ಷಕರ ಸಂಘ ಅವನನ್ನು ಕಳುಹಿಸಿತು. ಅಲ್ಲಿ ಮೊದಲ ಪಂದ್ಯದ ಚೆಂಡನ್ನು ಅವನೇ ಮೇಲಕ್ಕೆಸೆದನು. ಆಗಸ್ಟ್ 14ರ ಅಂತಿಮ ಪಂದ್ಯ ಬಯಲಿನ ಮಣ್ಣಂಕಣದಲ್ಲಿ, ಮಳೆಯ ಕೆಸರಿನಲ್ಲಿ ನಡೆಯಿತು. ನಮ್ಮ ಧ್ಯಾನ್‌ಚಂದರ ಹಾಕಿ ಅಂತಿಮ ಪಂದ್ಯವನ್ನು ಮರುದಿನಕ್ಕೆ ತಳ್ಳಿದ್ದೂ ಅದೇ ಮಳೆ. ಹುಟ್ಟಿದ ದೇಶ ಕೆನಡಾ, ಬಾಳಿದ ದೇಶ ಅಮೆರಿಕ ಎದುರುಬದುರು ನಿಂತುವು. ಅಮೆರಿಕ 19–8ರಿಂದ ಗೆದ್ದಿತು.

1937ರಲ್ಲಿ ಮಾಡ್ ತೀರಿಕೊಂಡಳು. ಅದೇ ವರ್ಷ ಅವನು ನಿವೃತ್ತನಾದನು. 1939ರ ನವೆಂಬರ್ 28ರಂದು, ಮೆದುಳಿನ ರಕ್ತಸ್ರಾವದಿಂದ, ಲಾರೆನ್ಸ್ ಪಟ್ಟಣದಲ್ಲಿ ಕೊನೆಯುಸಿರೆಳೆದನು. ಆಟದ ಹುಟ್ಟನ್ನು ಕುರಿತು ಅವನು ಬರೆದ ಪುಸ್ತಕ 1941ರಲ್ಲಿ ಹೊರಬಂತು. ಗೋಡೆಗೆ ಹಚ್ಚಿದ್ದ ಆ ಹದಿಮೂರು ನಿಯಮಗಳ ಎರಡು ಹಾಳೆಗಳು 2010ರ ಡಿಸೆಂಬರ್‌ನಲ್ಲಿ 43 ಲಕ್ಷ ಡಾಲರಿಗೆ ಹರಾಜಾದುವು. ಕೊಂಡವರು ಅವನ್ನು ಕಾನ್ಸಾಸಿಗೇ ತಂದುಕೊಟ್ಟರು. ಅವುಗಳನ್ನಿರಿಸಿದ ಕಟ್ಟಡದ ಪಕ್ಕದಲ್ಲಿರುವ ದೊಡ್ಡ ಕ್ರೀಡಾಮಂದಿರಕ್ಕೆ ಶಿಷ್ಯ ಅಲೆನ್‌ನ ಹೆಸರು. ಅದರೊಳಗೆ ಹುಡುಗರು ಆಡುವ ಅಂಕಣಕ್ಕೆ ಗುರುವಿನ ಹೆಸರು.