ಕರ್ನಲ್ ಮೆಕೆಂಜಿಯೂ ನಮ್ಮ ಸೀಮೆಯ ನಕ್ಷೆಯೂ

ಸರ್ಕಾರಿ ಕಚೇರಿಯ ಗೋಡೆಯ ಮೇಲಣ ನಕ್ಷೆಯನ್ನು ನೋಡದ ವಿದ್ಯಾವಂತರು ನಮ್ಮಲ್ಲಿ ವಿರಳ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳೆಂಬ ಹೆಸರುಗಳನ್ನು ಅದರಲ್ಲಿ ಓದಿ, ಹೇಮಾವತಿಯ ಹರಿವನ್ನು ಬೆರಳಿನಿಂದ ಗುರುತಿಸುವಾಗ, ಈ ಗೆರೆಗಳು ಎಂದೆಂದಿನಿಂದಲೂ ಹೀಗೆಯೇ ಇದ್ದುವೆಂದು ನಾವು ಭಾವಿಸುತ್ತೇವೆ. ನಿಜಸ್ಥಿತಿ ಹಾಗಿರಲಿಲ್ಲ. 1752ರಲ್ಲಿ ಫ್ರಾನ್ಸಿನ ಡಾನ್ವಿಲ್ಲನು ಅಚ್ಚುಹಾಕಿಸಿದ ಭಾರತದ ನಕ್ಷೆಯಲ್ಲಿ ಕರಾವಳಿಯ ರೇವುಗಳಿಗೆ ಕೊರತೆಯಿರಲಿಲ್ಲ. ಒಳನಾಡಿನಲ್ಲಿ ಮಾತ್ರ ಬರಿಯ ಕಾಗದವೇ ಹೆಚ್ಚಾಗಿತ್ತು. 1782ರಲ್ಲಿ ಜೇಮ್ಸ್ ರೆನ್ನೆಲ್ಲನು ಪ್ರಕಟಿಸಿದ ಹಿಂದೂಸ್ಥಾನದ ನಕ್ಷೆಯು ಹೆಸರಾಂತುದಾದರೂ, ನಮ್ಮ ಕಡೆಯ ಮಟ್ಟಿಗೆ ಅದಕ್ಕೆ ಸೇನೆಗಳ ದಂಡಯಾತ್ರೆಯ ದಾರಿಗಳೂ ಪ್ರಯಾಣಿಕರ ಅಂದಾಜುಗಳೂ ಮಾತ್ರವೇ ಆಧಾರ. ಈ ಬರಿದಾದ ಭಾಗವನ್ನು ಅಳೆದು ತುಂಬಿಸಿದ ಕಾರ್ಯವು ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರಿನಲ್ಲಿ ನಿಂತಿದೆ. ಆತನ ಜೀವಿತವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೆಕೆಂಜಿಯು 1754ರಲ್ಲಿ ಸ್ಕಾಟ್ಲೆಂಡಿಗೆ ಸೇರಿದ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಿನಲ್ಲಿ ಹುಟ್ಟಿದನು. ತಾರುಣ್ಯದಲ್ಲಿ ಅಲ್ಲಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದನು. ಲಾಗರಿಥಮ್ ಎಂಬ ಗಣಿತಕ್ರಮವನ್ನು ಕಂಡುಹಿಡಿದ ನೇಪಿಯರನ ಚರಿತ್ರೆಯನ್ನು ಆ ವಂಶದ ಪ್ರಭುವೊಬ್ಬನು ಬರೆಯಲು ತೊಡಗಿದಾಗ, ಹಿಂದೂಗಳ ಗಣಿತವಿದ್ಯೆಯ ವಿಷಯವನ್ನು ಶೋಧಿಸುವ ಕೆಲಸವು ಈತನ ಪಾಲಿಗೆ ಬಂದಿತು. 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೇನೆಯನ್ನು ಸೇರಿದನು. ಮತ್ತೆ ತಾಯ್ನಾಡಿಗೆ ಹಿಂದಿರುಗಲೇ ಇಲ್ಲ. ಎಂಜಿನಿಯರನಾಗಿ ಮೂರನೆಯ ಮೈಸೂರು ಯುದ್ಧದಲ್ಲಿಯೂ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಭಾಗವಹಿಸಿದನು.

ಟಿಪ್ಪು ಸುಲ್ತಾನನು ಮಡಿದ ಬಳಿಕ ರಾಜ್ಯವು ಹಂಚಿಹೋಯಿತು. ಕಂಪನಿಗೆ ಎಷ್ಟು, ನಿಜಾಮನಿಗೆ ಎಷ್ಟು, ಬಾಲಕನಾದ ಕೃಷ್ಣರಾಜ ಒಡೆಯರಿಗೆ ಉಳಿದುದು ಎಷ್ಟು ಎಂಬುದನ್ನು ನೆಲದ ಮೇಲೆ ಗೊತ್ತುಮಾಡಬೇಕಾಗಿತ್ತು. ಈ ಕಾರಣದಿಂದ ಹುಟ್ಟಿದ ಮೈಸೂರು ಸರ್ವೇಗೆ ಮೆಕೆಂಜಿಯೇ ಮುಖ್ಯನಾದನು. ಸುಮಾರು ಹತ್ತು ವರ್ಷಗಳಲ್ಲಿ ಸುಮಾರು 40,000 ಚದರ ಮೈಲಿಗಳ ಪ್ರದೇಶವು ಅಳತೆಗೆ ಒಳಪಟ್ಟಿತು. ಗುಡ್ಡದಿಂದ ಗುಡ್ಡಕ್ಕೆ ಕೋನಗಳನ್ನು ಹಿಡಿದು ತ್ರಿಕೋನಗಳನ್ನು ಕಟ್ಟುವುದು, ಅವುಗಳೊಳಗೆ ಹೊಳೆ, ಕೆರೆ, ಕೋಟೆ, ದಾರಿ, ಗ್ರಾಮಗಳನ್ನು ತುಂಬುವುದು, ಇದು ಕ್ರಮ. ಈ ಕೆಲಸಕ್ಕೆ ಮದರಾಸಿನ ಸರ್ವೇ ಶಾಲೆಯಲ್ಲಿ ಕಲಿತ ಎಳೆಯ ಹುಡುಗರೂ ಬಂದಿದ್ದರು.

ಇದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಮುಂದೆ ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸಾಲನ್ನು ನಡೆಯಿಸಿದನು. ಎರಡು ಕಡಲುಗಳ ನಡುವಣ ಅಂತರವು ಸುಮಾರು 400 ಮೈಲಿಯೆಂದು ಅದುವರೆಗಿನ ನಕ್ಷೆಗಳು ಹೇಳುತ್ತಿದ್ದುವು. ಅಳೆದು ನೋಡಲು ಅದು 360 ಮೈಲಿಯಾಯಿತು. ಅಚ್ಚಿನ ಅಕ್ಷರಕ್ಕೆ ತಲೆಬಾಗುವವರು ಈ 40 ಮೈಲಿಗಳನ್ನು ನೆನಪಿನಲ್ಲಿಡಬೇಕು. ನಕ್ಷೆಯು ಅಚ್ಚಾದ ಮಾತ್ರಕ್ಕೆ ಪ್ರಮಾಣವಾಗುವುದಿಲ್ಲ.

ಆದರೆ ಅಳತೆಯ ಯಂತ್ರವು ಊರಿನ ಹೆಸರನ್ನು ಹೇಳಲಾರದು. ಯಾವ ಹಳ್ಳಿಗೆ ಯಾವುದು ಎಲ್ಲೆ, ಯಾವ ಕೆರೆಯನ್ನು ಕಟ್ಟಿಸಿದವರು ಯಾರು, ಯಾವ ಮಾನ್ಯವು ಯಾವ ದೇವಾಲಯಕ್ಕೆ ಸೇರಿದುದು, ಇವೆಲ್ಲವೂ ಶಾನುಭೋಗನ ಕಡತದಲ್ಲಿಯೂ ಗೌಡನ ನೆನಪಿನಲ್ಲಿಯೂ ಇದ್ದುವು. ಯೂರೋಪಿನವರಿಗೆ ಹೊಸದಾಗಿ ಕಂಡ ನಾಡು ಇಲ್ಲಿನವರಿಗೆ ಹೊಸದಾಗಿರಲಿಲ್ಲ. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಆತನಿಗೆ ಕಣ್ಣೂ ಕಿವಿಯೂ ಆದವನು ಕಾವಲಿ ವೆಂಕಟ ಬೊರಯ್ಯನೆಂಬ ತೆಲುಗು ಬ್ರಾಹ್ಮಣ ತರುಣ. ಈತನೂ, ಈತನ ಸೋದರರಾದ ಲಕ್ಷ್ಮಯ್ಯ, ರಾಮಸ್ವಾಮಿಗಳೂ, ಕನ್ನಡ, ತಮಿಳು, ಮರಾಠಿ ಬಲ್ಲ ಇತರ ಸಹಾಯಕರೂ ಗ್ರಾಮಗಳ ಕೈಫಿಯತ್ತುಗಳನ್ನು ಬರೆಯಿಸಿಕೊಂಡರು, ಶಾಸನಗಳನ್ನು ಪ್ರತಿಮಾಡಿದರು, ಓಲೆಗರಿಗಳನ್ನು ಕೂಡಿಹಾಕಿದರು. 1804ರಲ್ಲಿ ಮೆಕೆಂಜಿಯು ಕನಕಗಿರಿಯ ಮಲೆಯೂರಿಗೆ ಬಂದಾಗ ಸ್ಥಳಚರಿತ್ರೆಗಳನ್ನು ಒದಗಿಸಿದ ಜೈನ ಪಂಡಿತ ದೇವಚಂದ್ರನೇ ಮುಂದೆ ರಾಜಾವಳೀ ಕಥೆಯನ್ನು ರಚಿಸಿದನು.

ಬೊರಯ್ಯನು 1803ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆತನು ಭಾಷಾಂತರಿಸಿದ ಜೈನರ ವೃತ್ತಾಂತವು 1807ರಲ್ಲಿ ಏಷಿಯಾಟಿಕ್ ರಿಸರ್ಚಸ್‌ನ ಒಂಬತ್ತನೆಯ ಸಂಪುಟದಲ್ಲಿ ಆತನ ಹೆಸರಿನೊಡನೆಯೇ ಪ್ರಕಟವಾಯಿತು. ನೋಡಲು ಆತನು ಬದುಕಿರಲಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವನ್ನು ಉಳ್ಳ ನಮ್ಮ ಜಿಲ್ಲೆಯವರಿಗೆ ಈ ಸಂಗತಿಯು ಪರಕೀಯವಾಗಲಾರದು. 1816ರಲ್ಲಿ ಥಾಮಸ್ ಹಿಕಿಯು ಬರೆದ ಮೆಕೆಂಜಿಯ ಚಿತ್ರದಲ್ಲಿಯೂ, ಕೆಂಪು ಅಂಗಿಯ ಅಧಿಕಾರಿಯ ಸುತ್ತ ದೂರದರ್ಶಕವನ್ನು ಹಿಡಿದ ಜವಾನನೂ ಓಲೆಗರಿಯನ್ನು ಹಿಡಿದ ಪಂಡಿತನೂ ನಿಂತಿದ್ದಾರೆ. ಹಿಂದೆ ದೂರದ ಗುಡ್ಡದ ಮೇಲೆ ಗೊಮ್ಮಟಮೂರ್ತಿಯಿದೆ.

ಈ ಕಾರ್ಯವು ಕೇವಲ ವಿದ್ಯಾಭಿಲಾಷೆಯಿಂದ ನಡೆಯಿತೆಂದು ನಾವು ಹೇಳುವುದಿಲ್ಲ. ಸರ್ವೇ ನಡೆಯುತ್ತಿದ್ದ ದಿನಗಳಲ್ಲಿಯೇ, 1802ರಲ್ಲಿ, ಹಾಸನಕ್ಕೆ ಪಶ್ಚಿಮದ ಬಲ್ಲಂ ಸೀಮೆಯ ಪಾಳೆಯಗಾರನನ್ನು ಆರ್ಥರ್ ವೆಲ್ಲೆಸ್ಲಿಯು ಸೋಲಿಸಿ ಗಲ್ಲಿಗೇರಿಸಿದನು. ಕಾಡನ್ನು ಕಡಿದು ಸೇನೆಗೆ ದಾರಿ ಮಾಡಿಸಿದನು. ದಾರಿಯನ್ನು ಬಲ್ಲವನೇ ಆಳಬಲ್ಲವನೆಂಬುದನ್ನು ಕಂಪನಿಯು ಚೆನ್ನಾಗಿ ಅರಿತಿತ್ತು. ಆದುದರಿಂದಲೇ ಸರ್ವೇಯ ಮೂಲನಕ್ಷೆಗಳನ್ನು ಅದು ಸುಲಭವಾಗಿ ಹೊರಗೆ ಬಿಡಲಿಲ್ಲ. ದಕ್ಷಿಣ ಭಾರತದ ಅಳತೆಗಳ ಆಧಾರದಿಂದ ಅಂಗುಲಕ್ಕೆ ನಾಲ್ಕು ಮೈಲಿಯ ಪ್ರಮಾಣದ ಅಟ್ಲಾಸೊಂದನ್ನು ಲಂಡನ್ನಿನ ಆರೋಸ್ಮಿತ್ತನು ಅಚ್ಚುಹಾಕಿಸಿದುದು 1822ರಲ್ಲಿ.

ಅದನ್ನು ನೋಡುವ ಭಾಗ್ಯವು ಮೆಕೆಂಜಿಗೂ ಇರಲಿಲ್ಲ. 1811ರಲ್ಲಿ ಜಾವಾದ ದಂಡಯಾತ್ರೆಗೆ ಹೋಗಿ ಬಂದು, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರ ಮೇ 8ರಂದು ಕಲಕತ್ತೆಯ ಬಳಿ ತೀರಿಕೊಂಡನು. ಆತನ ಸಂಗ್ರಹವನ್ನು ಸರ್ಕಾರವು ಒಂದು ಲಕ್ಷ ರೂಪಾಯಿಗೆ ಕೊಂಡಿತು. ವಿಲ್ಸನ್ನನು 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಹಸ್ತಪ್ರತಿಗಳೂ 8,076 ಶಾಸನಗಳ ಪ್ರತಿಗಳೂ 6,218 ನಾಣ್ಯಗಳೂ ಇದ್ದುವು.

ಒಡೆಯನು ಹೋದ ಮೇಲೆ ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನು ಸಿದ್ಧನಾಗಿದ್ದನು. 1836ರಲ್ಲಿ ಆತನ ಕೋರಿಕೆಯು ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಸಾಮಗ್ರಿಯನ್ನು ಕೂಡಿಹಾಕಿದವನಿಗೆ ಅದನ್ನು ವಿಮರ್ಶಿಸುವ ಯೋಗ್ಯತೆಯಿಲ್ಲವೆಂಬ ಅಭಿಪ್ರಾಯವೇ ಅಲ್ಲಿ ಗೆದ್ದಿತು, ಕೋರಿಕೆಯು ನಿಂತುಹೋಯಿತು. ಮೂವತ್ತು ವರ್ಷಗಳಿಗೂ ಮೀರಿದ ಅನುಭವವುಳ್ಳವನಿಗೆ ದೊರೆತ ಪುರಸ್ಕಾರವಿದು!

ಮೆಕೆಂಜಿಯನ್ನು ನಾವು ಹಳಿಯುವುದಿಲ್ಲ. ಆತನು ತನ್ನ ಸಹಾಯಕರ ಋಣವನ್ನು ಮರೆತವನಲ್ಲ. ಆತನ ಶ್ರದ್ಧೆಯಿಲ್ಲದಿದ್ದರೆ ಎಷ್ಟೋ ಗ್ರಾಮಗಳ ಮಾತು ಗೆದ್ದಲಿನ ಪಾಲಾಗುತ್ತಿತ್ತು. ಆದರೆ ಆ ನಕ್ಷೆಯ ಅರ್ಧಭಾಗವನ್ನು ಬರೆದವರು ಹೆಸರಿಲ್ಲದ ನಮ್ಮ ಶಾನುಭೋಗರು ಎಂಬುದನ್ನು ಮರೆಯುವುದೂ ನ್ಯಾಯವಲ್ಲ. ಅವರು ಬರೆಯಿಸಿದ ಕನ್ನಡ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅಚ್ಚುಮಾಡಿಸಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಾಚನಾಲಯಗಳು ಅದನ್ನು ತರಿಸಲಿ. ಗ್ರಾಮಗಳ ದಾಖಲೆಯನ್ನು ಕಾಯುವ ಅಧಿಕಾರಿಗಳು ತಮ್ಮ ಕಚೇರಿಗಳ ಹಳೆಯ ಕಡತಗಳನ್ನು ಹಾಳಾಗದಂತೆ ನೋಡಿಕೊಳ್ಳಲಿ. ನಮ್ಮ ನೆಲವನ್ನು ನಾವೇ ಓದಲು ಕಲಿಯುವುದಕ್ಕೆ ಇಷ್ಟಾದರೂ ಆಗಬೇಕು.