ಗಿಡದ ನಾಡಿ ಹಿಡಿದ ಜಗದೀಶಚಂದ್ರ ಬೋಸ್

ಮಕ್ಕಳೇ, ಮುಟ್ಟಿದರೆ ಮುನಿ ಗಿಡವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಗದ್ದೆಯ ಬದು, ಬಯಲು, ರಸ್ತೆಯ ಅಂಚು ಹೀಗೆ ಎಲ್ಲೆಂದರಲ್ಲಿ ಹಬ್ಬುವ ಮುಳ್ಳುಗಿಡ ಅದು. ನಾಚಿಕೆ ಮುಳ್ಳು ಎಂದೂ ಕರೆಯುತ್ತಾರೆ. ಬೆರಳು ತಾಗಿದರೆ ಸಾಕು, ಎಲೆಗಳು ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಸ್ವಲ್ಪ ಜೋರಾಗಿ ತಟ್ಟಿದರೆ ಎಲೆಯ ತೊಟ್ಟೇ ಕೆಳಗೆ ಬಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಇದೆ. ನೀವು ಮುಟ್ಟಿದ್ದು ತುದಿಯ ಎಲೆಯನ್ನು. ಬಾಗಿದ್ದು ದೂರದ ತೊಟ್ಟು. ಹಾಗಾದರೆ ಮುಟ್ಟಿದ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸಿದವರು ಯಾರು? ಗಿಡಕ್ಕೆ ನಮ್ಮ ಹಾಗೆ ನರಗಳಿಲ್ಲ, ಮೆದುಳಿಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಭಾರತದ ವಿಜ್ಞಾನಿ ಜಗದೀಶಚಂದ್ರ ಬೋಸ್. ಅವರ ಬದುಕಿನ ಕಥೆಯನ್ನು ಈಗ ತಿಳಿಯೋಣ.

ಹಳ್ಳಿಯ ಶಾಲೆಯ ಹುಡುಗ

ಜಗದೀಶಚಂದ್ರರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರಿ ಅಧಿಕಾರಿ. ಆ ಕಾಲದಲ್ಲಿ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೇ ಹೋಗುತ್ತಿದ್ದರು. ಆದರೆ ಮಗ ಮೊದಲು ತಾಯಿನುಡಿಯನ್ನು ಕಲಿಯಬೇಕು, ತನ್ನ ಜನರನ್ನು ಅರಿಯಬೇಕು ಎಂಬುದು ತಂದೆಯ ಆಸೆ. ಹೀಗಾಗಿ ಜಗದೀಶನನ್ನು ಬಂಗಾಳಿ ಶಾಲೆಗೆ ಸೇರಿಸಿದರು.

ತರಗತಿಯಲ್ಲಿ ಅವನ ಒಂದು ಪಕ್ಕದಲ್ಲಿ ತಂದೆಯ ಬಳಿ ಕೆಲಸಕ್ಕಿದ್ದ ಮುಸ್ಲಿಂ ಸೇವಕನ ಮಗ ಕೂರುತ್ತಿದ್ದ. ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ. ಅವರು ಹೇಳುತ್ತಿದ್ದ ಹಕ್ಕಿ, ಪ್ರಾಣಿ, ಜಲಚರಗಳ ಕಥೆಗಳನ್ನು ಜಗದೀಶ ಬೆರಗಿನಿಂದ ಕೇಳುತ್ತಿದ್ದ. ಪ್ರಕೃತಿಯ ಮೇಲಿನ ಪ್ರೀತಿ ಅವನಲ್ಲಿ ಮೊಳೆತದ್ದು ಆ ಗೆಳೆಯರ ನಡುವೆಯೇ.

ಮುಂದೆ ಕಲ್ಕತ್ತಾದಲ್ಲಿ ಓದಿ 1879ರಲ್ಲಿ ಪದವಿ ಪಡೆದರು. ವೈದ್ಯರಾಗಬೇಕೆಂದು 1880ರಲ್ಲಿ ಲಂಡನ್ನಿಗೆ ಹೋದರು. ಆದರೆ ಅನಾರೋಗ್ಯ ಕಾಡಿತು. ವೈದ್ಯಕೀಯ ಓದನ್ನು ಬಿಟ್ಟು ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದರು. ಅಲ್ಲಿ ಭೌತವಿಜ್ಞಾನಿ ಲಾರ್ಡ್ ರ್‍ಯಾಲೇ ಅವರಿಗೆ ಗುರುಗಳಾದರು. ಸಸ್ಯಗಳ ಪಾಠ ಹೇಳಿದವರಲ್ಲಿ ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ ಕೂಡ ಒಬ್ಬರು.

ಸಂಬಳ ಮುಟ್ಟದ ಮೇಷ್ಟ್ರು

1885ರಲ್ಲಿ ಬೋಸರು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಅದೇ ಕೆಲಸ ಮಾಡುವ ಯುರೋಪಿನವರಿಗೆ ಹೆಚ್ಚು ಸಂಬಳ, ಭಾರತೀಯರಿಗೆ ಕಡಿಮೆ ಸಂಬಳ ಎಂಬ ನಿಯಮವಿತ್ತು. ಇದು ಅನ್ಯಾಯವೆಂದು ಬೋಸರಿಗೆ ಅನ್ನಿಸಿತು. ಅವರು ಜಗಳವಾಡಲಿಲ್ಲ. ಪಾಠ ಮಾಡುವುದನ್ನೂ ನಿಲ್ಲಿಸಲಿಲ್ಲ. ಆದರೆ ಸಂಬಳವನ್ನು ಮುಟ್ಟಲಿಲ್ಲ!

ಒಂದಲ್ಲ, ಎರಡಲ್ಲ, ಮೂರು ವರ್ಷ ಹೀಗೇ ನಡೆಯಿತು. ಆಗ ಮನೆಯಲ್ಲಿ ತಂದೆಯ ಸಾಲವೂ ಇತ್ತು. ಕಷ್ಟಪಟ್ಟು ದಿನ ದೂಡಿದರು. ಕೊನೆಗೆ ಸರ್ಕಾರ ಮಣಿಯಿತು. ಹಿಂದಿನ ವರ್ಷಗಳ ಪೂರ್ತಿ ಸಂಬಳವನ್ನೂ ಒಟ್ಟಿಗೆ ಕೊಟ್ಟಿತು. ಆ ಹಣ ತಂದೆಯ ಸಾಲ ತೀರಿಸಲು ನೆರವಾಯಿತು.

ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಾಲಯ ಇರಲಿಲ್ಲ. ಒಂದು ಪುಟ್ಟ ಕೋಣೆಯೇ ಅವರ ಪ್ರಯೋಗಶಾಲೆ. ಊರಿನ ತಗಡು ಕೆಲಸಗಾರನ ನೆರವಿನಿಂದ ಉಪಕರಣಗಳನ್ನು ತಾವೇ ಮಾಡಿಸಿಕೊಂಡರು. ಅಲ್ಲಿಯೇ ಕೆಲವೇ ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಉಂಟುಮಾಡಿದರು. 1895ರ ಸುಮಾರಿಗೆ ಕಲ್ಕತ್ತಾದಲ್ಲಿ ಜನರ ಮುಂದೆ ಒಂದು ಪ್ರದರ್ಶನ ನೀಡಿದರು. ನಡುವೆ ತಂತಿ ಇರಲಿಲ್ಲ. ಆದರೂ ಗೋಡೆಯನ್ನು ದಾಟಿ ಹೋದ ಅಲೆಗಳು ದೂರದಲ್ಲಿದ್ದ ಗಂಟೆಯನ್ನು ಬಾರಿಸಿದವು, ಮದ್ದಿನ ಪುಡಿಯನ್ನು ಸಿಡಿಸಿದವು!

ದಣಿದ ಲೋಹದಿಂದ ಗಿಡದ ಕಡೆಗೆ

ಭೌತವಿಜ್ಞಾನಿ ಬೋಸರು ಗಿಡಗಳ ಕಡೆ ತಿರುಗಿದ್ದು ಹೇಗೆ ಗೊತ್ತೇ? ರೇಡಿಯೋ ಅಲೆಗಳನ್ನು ಗುರುತಿಸಲು ಅವರು ಲೋಹದ ಉಪಕರಣ ಬಳಸುತ್ತಿದ್ದರು. ಬಹಳ ಹೊತ್ತು ಬಳಸಿದರೆ ಅದು ಮಂದವಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚುರುಕಾಗುತ್ತಿತ್ತು. ಇದು ದಣಿದ ಸ್ನಾಯುವಿನ ಹಾಗೆಯೇ ಇದೆಯಲ್ಲ ಎಂದು ಅವರಿಗೆ ಅಚ್ಚರಿಯಾಯಿತು. ಲೋಹ ಹೀಗಾದರೆ, ಲೋಹಕ್ಕೂ ಪ್ರಾಣಿಗೂ ನಡುವೆ ಇರುವ ಗಿಡ ಹೇಗೆ ವರ್ತಿಸಬಹುದು? ಗಿಡಗಳ ಎಲೆ, ತೊಟ್ಟು, ಬೇರುಗಳಿಗೆ ಸೂಕ್ಷ್ಮ ವಿದ್ಯುತ್ ಮಾಪಕಗಳನ್ನು ಜೋಡಿಸಿ ಪರೀಕ್ಷೆ ಶುರುಮಾಡಿದರು.

ಫಲಿತಾಂಶ ಸ್ಪಷ್ಟವಾಗಿತ್ತು. ಗಿಡವನ್ನು ತಟ್ಟಿದಾಗ, ಚುಚ್ಚಿದಾಗ, ಬಿಸಿ ತಾಗಿಸಿದಾಗ ಅದರಲ್ಲಿ ವಿದ್ಯುತ್ತಿನ ಬದಲಾವಣೆ ಕಾಣಿಸುತ್ತಿತ್ತು. ಮುಟ್ಟಿದರೆ ಮುನಿಯಲ್ಲಿ ಮಾತ್ರವಲ್ಲ, ಅಲುಗಾಡದೆ ನಿಂತಿರುವ ಸಾಮಾನ್ಯ ಗಿಡಗಳಲ್ಲೂ ಕಾಣಿಸುತ್ತಿತ್ತು!

1901ರಲ್ಲಿ ಬೋಸರು ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನಿಗಳ ಮುಂದೆ ಇದನ್ನು ತೋರಿಸಿದರು. ಹೆಸರಾಂತ ಶರೀರವಿಜ್ಞಾನಿ ಬರ್ಡನ್ ಸ್ಯಾಂಡರ್ಸನ್ ಒಪ್ಪಲಿಲ್ಲ. ಸಾಮಾನ್ಯ ಗಿಡಗಳಲ್ಲಿ ಇಂಥ ವಿದ್ಯುತ್ ಸಂಕೇತ ಸಾಧ್ಯವಿಲ್ಲ, ಭೌತವಿಜ್ಞಾನಿ ತನ್ನ ವಿಷಯವನ್ನಷ್ಟೇ ನೋಡಿಕೊಳ್ಳಲಿ ಎಂಬುದು ಅವರ ಅಭಿಪ್ರಾಯ. ವಿಚಿತ್ರವೆಂದರೆ, 1873ರಲ್ಲಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದಲ್ಲಿ ವಿದ್ಯುತ್ ಸಂಕೇತವನ್ನು ಕಂಡುಹಿಡಿದವರು ಇದೇ ಸ್ಯಾಂಡರ್ಸನ್! ಬೋಸರ ಲೇಖನವನ್ನು ಆಗ ಸೊಸೈಟಿ ಪ್ರಕಟಿಸಲಿಲ್ಲ. ಬೋಸರು ಕೈಚೆಲ್ಲಲಿಲ್ಲ. ತಮ್ಮ ಪ್ರಯೋಗಗಳನ್ನೆಲ್ಲ ವಿವರವಾಗಿ ಬರೆದು ಒಂದೊಂದೇ ಪುಸ್ತಕವಾಗಿ ಹೊರತಂದರು.

ಮಸಿ ಹಿಡಿದ ಗಾಜಿನ ಮೇಲೆ ಗಿಡದ ಬರಹ

ಬಾಯಿಮಾತಿಗೆ ಯಾರೂ ಒಪ್ಪುವುದಿಲ್ಲ. ಗಿಡವೇ ಸಾಕ್ಷಿ ಹೇಳಬೇಕು. ಅದಕ್ಕಾಗಿ ಬೋಸರು ಹೊಸ ಹೊಸ ಯಂತ್ರಗಳನ್ನು ರೂಪಿಸಿದರು. ಒಂದು ಯಂತ್ರದಲ್ಲಿ ಗಿಡದ ಎಲೆಗೆ ಹಗುರವಾದ ಸನ್ನೆಕಡ್ಡಿಯನ್ನು ಕಟ್ಟುತ್ತಿದ್ದರು. ಅದರ ತುದಿ ಹೊಗೆಮಸಿ ಹಿಡಿದ ಗಾಜಿನ ಮೇಲೆ ಚುಕ್ಕೆಗಳನ್ನು ಇಡುತ್ತಿತ್ತು. ಕಡ್ಡಿ ಗಾಜಿಗೆ ಉಜ್ಜುತ್ತಾ ಹೋದರೆ ಎಲೆಗೆ ಭಾರವಾಗುತ್ತದೆ. ಅದಕ್ಕೇ ಗೆರೆಯ ಬದಲು ಚುಕ್ಕೆ! ಚುಕ್ಕೆಗಳನ್ನು ಎಣಿಸಿದರೆ ಸೆಕೆಂಡಿನ ಸಣ್ಣ ಭಾಗವನ್ನೂ ಅಳೆಯಬಹುದಿತ್ತು.

ಇನ್ನೊಂದು ಯಂತ್ರ ಕ್ರೆಸ್ಕೋಗ್ರಾಫ್. ಗಿಡದ ಬೆಳವಣಿಗೆಯನ್ನು ಇದು 10,000 ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಬಸವನ ಹುಳುವಿಗಿಂತ ಎಷ್ಟೋ ಪಾಲು ನಿಧಾನವಾದ ಬೆಳವಣಿಗೆಯೂ ಕಣ್ಣಿಗೆ ಕಾಣುತ್ತಿತ್ತು.

ಮುಟ್ಟಿದರೆ ಮುನಿಯ ಮೇಲೆ ಅವರು ಮಾಡಿದ ಪ್ರಯೋಗ ಸೊಗಸಾಗಿದೆ. ಮುಟ್ಟಿದ ಒತ್ತಡದಿಂದ ಕೊಳವೆಯೊಳಗಿನ ನೀರು ನೂಕಲ್ಪಟ್ಟು ಎಲೆ ಬಾಗುತ್ತದೆ ಎಂದು ಆಗ ಹಲವರು ನಂಬಿದ್ದರು. ಬೋಸರು ತೊಟ್ಟಿನ ನಡುಭಾಗವನ್ನು ತಣ್ಣಗಾಗಿಸಿದರು. ಸುದ್ದಿ ನಿಧಾನವಾಯಿತು. ಇನ್ನೂ ತಣ್ಣಗಾಗಿಸಿದಾಗ ನಿಂತೇ ಹೋಯಿತು. ವಿಷ ಹಾಕಿದಾಗಲೂ ನಿಂತಿತು. ಬರೀ ನೀರಿನ ನೂಕಾಟವಾಗಿದ್ದರೆ ವಿಷಕ್ಕೆ ನಿಲ್ಲಬೇಕಿರಲಿಲ್ಲ, ಅಲ್ಲವೇ? ಆದ್ದರಿಂದ ಸುದ್ದಿಯನ್ನು ಸಾಗಿಸುವುದು ಜೀವಂತ ಕೋಶಗಳ ಕೆಲಸ ಎಂದು ಅವರು ತೀರ್ಮಾನಿಸಿದರು.

ಎಲೆಯೊಳಗೆ ನಡೆಯುವುದೇನು?

ಈಗ ನಮಗೆ ಇನ್ನೂ ಹೆಚ್ಚು ಗೊತ್ತು. ಎಲೆಯ ತೊಟ್ಟಿನ ಬುಡದಲ್ಲಿ ಸಣ್ಣ ಉಬ್ಬು ಇರುತ್ತದೆ. ಅದರ ಜೀವಕೋಶಗಳು ನೀರು ತುಂಬಿದ ಬಲೂನಿನ ಹಾಗೆ ಬಿಗಿಯಾಗಿರುತ್ತವೆ. ಮುಟ್ಟಿದಾಗ ವಿದ್ಯುತ್ ಸಂಕೇತವು ಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಸಾಗಿ ಈ ಉಬ್ಬನ್ನು ತಲುಪುತ್ತದೆ. ಕೋಶಗಳ ಬಾಗಿಲುಗಳು ತೆರೆದುಕೊಳ್ಳುತ್ತವೆ. ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೊರಗೆ ಧಾವಿಸುತ್ತವೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಉಬ್ಬಿನ ಒಂದು ಪಕ್ಕ ಸಡಿಲವಾಗಿ ಎಲೆ ಬಾಗುತ್ತದೆ.

ಮುಚ್ಚುವುದು ಕ್ಷಣದ ಕೆಲಸ. ಆದರೆ ತೆರೆಯಲು ಹತ್ತು ಹದಿನೈದು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಏಕೆ? ತೊಟ್ಟಿಯ ಬಿರಡೆ ತೆಗೆದರೆ ನೀರು ತಾನೇ ಹರಿದುಹೋಗುತ್ತದೆ. ಮತ್ತೆ ತುಂಬಿಸಬೇಕಾದರೆ ಸೇದಿ ಹಾಕಬೇಕು. ಗಿಡವೂ ಅಷ್ಟೇ. ಅಯಾನುಗಳನ್ನು ಒಳಗೆ ಸೇರಿಸಲು ಕೋಶದ ಪೊರೆಯಲ್ಲಿರುವ ಪಂಪುಗಳು ದುಡಿಯಬೇಕು. ಪಂಪುಗಳಿಗೆ ಶಕ್ತಿ ಬೇಕು. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಿಂದ ಮೈಟೊಕಾಂಡ್ರಿಯಗಳು ಎಟಿಪಿ ಎಂಬ ವಸ್ತುವನ್ನು ಮಾಡುತ್ತವೆ. ಅದೇ ಆ ಶಕ್ತಿಯ ಮೂಲ.

ಖರ್ಚು ಅಷ್ಟಕ್ಕೇ ಮುಗಿಯುವುದಿಲ್ಲ. ಎಲೆ ಮುಚ್ಚಿರುವಷ್ಟು ಹೊತ್ತು ಅದಕ್ಕೆ ಬೀಳುವ ಬೆಳಕು ಕಡಿಮೆ. ಅಂದರೆ ಆಹಾರ ತಯಾರಿಕೆಯೂ ಕಡಿಮೆ. ಹಾಗಿದ್ದರೂ ಗಿಡ ಎಲೆ ಮುಚ್ಚುವುದೇಕೆ? 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರ ಕೊಟ್ಟಿತು. ಎಲೆ ಮಡಚಲಾರದ ಮುಟ್ಟಿದರೆ ಮುನಿ ಗಿಡಗಳನ್ನು ಮಿಡತೆಗಳು ಹೆಚ್ಚಾಗಿ ತಿಂದುಹಾಕಿದವು. ಎಲೆ ಮಡಚುವುದು ಗಿಡದ ಆತ್ಮರಕ್ಷಣೆ. ಅದಕ್ಕೆ ತೆರುವ ಬೆಲೆಯೇ ಈ ಶಕ್ತಿಯ ಖರ್ಚು.

ಬೋಸರು ಈ ದಣಿವನ್ನೂ ಅಳೆದಿದ್ದರು. ಬಿಡುವು ಕೊಡದೆ ಮತ್ತೆ ಮತ್ತೆ ಕೆಣಕಿದರೆ ಗಿಡದ ಪ್ರತಿಕ್ರಿಯೆ ಕುಗ್ಗುತ್ತದೆ, ಬಿಡುವು ಸಿಕ್ಕರೆ ಚೇತರಿಸುತ್ತದೆ ಎಂದು ಅವರ ಚುಕ್ಕೆಗಳೇ ತೋರಿಸಿದವು. ಗಿಡಗಳು ಬೆಳಕಿನಿಂದ ಆಹಾರ ತಯಾರಿಸುವುದನ್ನೂ ಅವರು ಬಿಡಲಿಲ್ಲ. ಹೈಡ್ರಿಲ್ಲ ಎಂಬ ನೀರಿನ ಸಸ್ಯವನ್ನು ಬಳಸಿ ದ್ಯುತಿಸಂಶ್ಲೇಷಣೆಯ ಬಗ್ಗೆ 1924ರಲ್ಲಿ ಪುಸ್ತಕ ಬರೆದರು.

ಹೊಲದ ಬೆಳೆಗೂ ಇದೇ ಲೆಕ್ಕ. ಮಳೆ ಕೈಕೊಟ್ಟಾಗ ಮುಸುಕಿನ ಜೋಳದ ಎಲೆ ಮಧ್ಯಾಹ್ನ ಸುರುಳಿ ಸುತ್ತುವುದನ್ನು ನೀವು ನೋಡಿರಬಹುದು. ಎಲೆಯ ಮೇಲಿನ ಪತ್ರರಂಧ್ರಗಳೂ ಆಗ ಮುಚ್ಚುತ್ತವೆ. ಅವುಗಳ ಕಾವಲು ಕೋಶಗಳಿಂದ ಅಯಾನುಗಳೂ ನೀರೂ ಹೊರಹೋಗುವುದೇ ಇದಕ್ಕೆ ಕಾರಣ. ನೀರು ಉಳಿಯುತ್ತದೆ. ಆದರೆ ಗಾಳಿ ಒಳಗೆ ಬಾರದೆ ಆಹಾರ ತಯಾರಿಕೆ ಕುಗ್ಗುತ್ತದೆ. ಬರ ಬಂದಾಗ ಇಳುವರಿ ಇಳಿಯಲು ಇದೂ ಒಂದು ಕಾರಣ. ಬರ ತಡೆಯುವ ತಳಿಗಳನ್ನು ಹುಡುಕುವವರಿಗೆ ಈ ಸಂಕೇತಗಳ ತಿಳಿವಳಿಕೆ ಬೇಕೇ ಬೇಕು.

ಸರಿ ಮತ್ತು ತಪ್ಪು

1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಬೋಸರು ಕಲ್ಕತ್ತಾದಲ್ಲಿ ಬೋಸ್ ಸಂಶೋಧನಾ ಸಂಸ್ಥೆಯನ್ನು ತೆರೆದರು. 1920ರಲ್ಲಿ ಅವರ ಹೊಸ ಕ್ರೆಸ್ಕೋಗ್ರಾಫ್ ಬಗ್ಗೆ ಮತ್ತೆ ಅನುಮಾನ ಎದ್ದಿತು. ಲಂಡನ್ನಿನಲ್ಲಿ ವಿಜ್ಞಾನಿಗಳು ಕೂಡಿ ಅದನ್ನು ಪರೀಕ್ಷಿಸಿದರು. ಯಂತ್ರ ಸರಿಯಾಗಿದೆ ಎಂದು ಒಪ್ಪಿದರು. ಅದೇ ವರ್ಷ, ಹಿಂದೆ ಅವರ ಲೇಖನವನ್ನು ಬದಿಗಿಟ್ಟಿದ್ದ ರಾಯಲ್ ಸೊಸೈಟಿಯೇ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ಬೋಸರು ತೀರಿಕೊಂಡರು.

ಬೋಸರು ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ಕಾಂಡದ ಕೋಶಗಳು ಮಿಡಿದು ನೀರನ್ನು ಮೇಲಕ್ಕೆ ಸಾಗಿಸುತ್ತವೆ ಎಂದು ಅವರು ಭಾವಿಸಿದ್ದರು. ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತವೇ ಮುಖ್ಯ ಕಾರಣ ಎಂದು ಇಂದು ವಿಜ್ಞಾನಿಗಳು ಒಪ್ಪುತ್ತಾರೆ. ಗಿಡದಲ್ಲಿ ಪ್ರಾಣಿಗಳಂಥ ನರಗಳು ಇವೆ ಎಂಬುದಕ್ಕೂ, ಗಿಡ ನಮ್ಮ ಹಾಗೆ ನೋವು ಅನುಭವಿಸುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಆದರೆ ಮುಖ್ಯ ಮಾತು ನಿಂತಿದೆ. ಗಿಡದ ಒಂದು ಭಾಗ ಇನ್ನೊಂದು ಭಾಗಕ್ಕೆ ವಿದ್ಯುತ್ ಸಂಕೇತ ಕಳಿಸುತ್ತದೆ. 2018ರಲ್ಲಿ ವಿಜ್ಞಾನಿಗಳು ಸಾಸಿವೆ ಕುಟುಂಬದ ಒಂದು ಪುಟ್ಟ ಗಿಡದಲ್ಲಿ ಇದರ ಜೊತೆಗಾರನನ್ನು ಕಣ್ಣಾರೆ ಕಂಡರು. ಕ್ಯಾಲ್ಸಿಯಂ ಇದ್ದಲ್ಲಿ ಹೊಳೆಯುವಂತೆ ಆ ಗಿಡವನ್ನು ಸಿದ್ಧಪಡಿಸಿದ್ದರು. ಹುಳು ಒಂದು ಎಲೆಯನ್ನು ಕಡಿದಾಗ ಹೊಳಪಿನ ಅಲೆಯೊಂದು ಎದ್ದು, ಒಂದೆರಡು ನಿಮಿಷಗಳಲ್ಲಿ ಬೇರೆ ಎಲೆಗಳಿಗೂ ಹರಿಯಿತು. ಆ ಎಲೆಗಳು ರಕ್ಷಣೆಗೆ ಸಿದ್ಧವಾದವು. ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಬೋಸರೂ ಒಬ್ಬರು.

ಮಾಡಿ ನೋಡಿ

ನಿಮ್ಮೂರಿನಲ್ಲಿ ಮುಟ್ಟಿದರೆ ಮುನಿ ಗಿಡ ಇದ್ದರೆ ಗಡಿಯಾರ ಹಿಡಿದು ಹೋಗಿ. ಮುಳ್ಳಿದೆ, ಜೋಪಾನ! ಒಂದು ಎಲೆಯನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಮುಚ್ಚಿದ ಸಮಯ, ಪೂರ್ತಿ ತೆರೆದ ಸಮಯ ಎರಡನ್ನೂ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ. ಬಿಸಿಲಿನ ಗಿಡ ಮತ್ತು ನೆರಳಿನ ಗಿಡ ಎರಡರಲ್ಲೂ ನೋಡಿ. ಯಾವುದು ಬೇಗ ತೆರೆಯಿತು? ಏಕಿರಬಹುದು? ನಿಮ್ಮ ಅಂಕಿಗಳನ್ನು ಪಟ್ಟಿ ಮಾಡಿ ಶಿಕ್ಷಕರಿಗೆ ತೋರಿಸಿ, ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ. ಒಂದೇ ಎಲೆಯನ್ನು ಸುಮ್ಮನೆ ಪದೇ ಪದೇ ಕೆಣಕಬೇಡಿ. ಪ್ರತಿ ಸಲ ತೆರೆಯಲು ಅದು ತಾನು ಕೂಡಿಟ್ಟ ಶಕ್ತಿಯನ್ನೇ ಖರ್ಚು ಮಾಡಬೇಕು.