ಟಿ.ವಿ.ಗೆ ಆಟ ಕಲಿಸಿದ ನಿರಾಶ್ರಿತ

ವಿಡಿಯೊ ಗೇಮ್ ಎಂದೊಡನೆ ಮಕ್ಕಳ ಓದು ಕೆಡಿಸುವ ಯಂತ್ರವೆಂಬ ಚಿತ್ರವೇ ನಮ್ಮ ಮಧ್ಯಮ ವರ್ಗದ ಕಣ್ಮುಂದೆ ನಿಲ್ಲುತ್ತದೆ. ಅದನ್ನು ಮನೆಯ ಟಿ.ವಿ.ಗೆ ಮೊದಲು ಜೋಡಿಸಿದ ರಾಲ್ಫ್ ಬೇರ್ ಅವರ ಬದುಕನ್ನು ಓದಿದಾಗಲೆಲ್ಲ ಆ ಚಿತ್ರ ಅಪೂರ್ಣವೆಂದು ನನಗೆ ಅನ್ನಿಸಿದೆ.

ಬೇರ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಯಹೂದಿ ಕುಟುಂಬದಲ್ಲಿ. ನಾಜಿ ಆಡಳಿತದಲ್ಲಿ ಶಾಲೆಯ ಬಾಗಿಲು ಅವರಿಗೆ ಮುಚ್ಚಿತು. 1938ರಲ್ಲಿ ಕುಟುಂಬ ಅಮೆರಿಕಕ್ಕೆ ಪಾರಾಯಿತು. ನ್ಯೂಯಾರ್ಕ್‌ನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಲೇ ಅವರು ಅಂಚೆ ಶಿಕ್ಷಣದಿಂದ ರೇಡಿಯೊ ದುರಸ್ತಿ ಕಲಿತರು. ಯುದ್ಧಕಾಲದಲ್ಲಿ ಅಮೆರಿಕ ಸೇನೆಯ ಬೇಹುಗಾರಿಕೆ ವಿಭಾಗದಲ್ಲಿದ್ದರು. 1949ರಲ್ಲಿ ಟೆಲಿವಿಷನ್ ಎಂಜಿನಿಯರಿಂಗ್ ಪದವಿ ಪಡೆದರು.

1966ರಲ್ಲಿ ರಕ್ಷಣಾ ಉಪಕರಣಗಳನ್ನು ತಯಾರಿಸುವ ಸ್ಯಾಂಡರ್ಸ್ ಅಸೋಸಿಯೇಟ್ಸ್ ಸಂಸ್ಥೆಯಲ್ಲಿದ್ದಾಗ, ಬಸ್ ನಿಲ್ದಾಣವೊಂದರಲ್ಲಿ ಕಾಯುತ್ತ ಕುಳಿತ ಅವರಿಗೆ ಆ ವಿಚಾರ ಹೊಳೆಯಿತು. ಕೋಟ್ಯಂತರ ಮನೆಗಳಲ್ಲಿದ್ದ ಟಿ.ವಿ.ಯಿಂದ ನೋಡುವುದನ್ನು ಬಿಟ್ಟು ಬೇರೇನೂ ಸಾಧ್ಯವಿಲ್ಲವೇ? ಸೆಪ್ಟೆಂಬರ್ 1ರಂದು ನಾಲ್ಕು ಪುಟಗಳ ಟಿಪ್ಪಣಿ ಸಿದ್ಧವಾಯಿತು.

ಜೋಡಣೆಯೇ ದೊಡ್ಡ ಸಮಸ್ಯೆಯಾಗಿತ್ತು. ಅಂದಿನ ಟಿ.ವಿ.ಯೊಳಕ್ಕೆ ಹೊರಗಿನ ಸಂಕೇತ ಹೋಗಲು ಇದ್ದ ದಾರಿ ಆಂಟೆನಾ ತಂತಿಯದು ಮಾತ್ರ. ಬೇರ್ ಆ ದಾರಿಯನ್ನೇ ಹಿಡಿದರು. ಅವರ ಪೆಟ್ಟಿಗೆ ಪುಟ್ಟ ಪ್ರಸಾರ ಕೇಂದ್ರದಂತೆ 3 ಅಥವಾ 4ನೇ ಚಾನೆಲ್‌ನ ತರಂಗಾಂತರದಲ್ಲಿ ಸಂಕೇತ ನೀಡುತ್ತಿತ್ತು. ಟಿ.ವಿ. ಅದನ್ನು ಮತ್ತೊಂದು ಚಾನೆಲ್ ಎಂದೇ ಸ್ವೀಕರಿಸುತ್ತಿತ್ತು. ಸೆಟ್ಟನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಆಂಟೆನಾ ತಂತಿ ಕಿತ್ತು ಗೇಮ್ ಪೆಟ್ಟಿಗೆ ಸಿಕ್ಕಿಸಿ, ಚಿತ್ರ ಮೂಡುವವರೆಗೆ ಟ್ಯೂನ್ ಮಾಡುತ್ತಿದ್ದ ನಾವೆಲ್ಲ ಇದೇ ಉಪಾಯದ ಫಲಾನುಭವಿಗಳು.

ಸಹೋದ್ಯೋಗಿಗಳಾದ ಬಿಲ್ ಹ್ಯಾರಿಸನ್, ಬಿಲ್ ರಷ್ ಅವರೊಂದಿಗೆ ರೂಪಿಸಿದ ಈ ಯಂತ್ರವನ್ನು ಮ್ಯಾಗ್ನವಾಕ್ಸ್ ಕಂಪನಿ 1972ರಲ್ಲಿ ಒಡಿಸ್ಸಿ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಯಾವ ಟಿ.ವಿ.ಗೂ ಹೊಂದುವಂತೆ ಮಾಡಿದ್ದ ಯಂತ್ರವದು. ಆದರೆ ಅದು ಮ್ಯಾಗ್ನವಾಕ್ಸ್ ಟಿ.ವಿ.ಗಳಿಗೆ ಮಾತ್ರ ಹೊಂದುತ್ತದೆಂಬ ತಪ್ಪು ಕಲ್ಪನೆ ಅನೇಕ ಗ್ರಾಹಕರಲ್ಲಿತ್ತು. ಅದೇ ವರ್ಷ ಬಂದ ಅಟಾರಿಯ ಪಾಂಗ್ ಜನಪ್ರಿಯತೆಯಲ್ಲಿ ಮುಂದೆ ಹೋಯಿತು. ಪೇಟೆಂಟ್ ವ್ಯಾಜ್ಯದಲ್ಲಿ ಅಟಾರಿ 1976ರಲ್ಲಿ ರಾಜಿ ಮಾಡಿಕೊಂಡು ಪರವಾನಗಿ ಪಡೆಯಿತು. ಬೇರ್ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆತದ್ದು 2006ರಲ್ಲಿ. 2014ರ ಡಿಸೆಂಬರ್ 6ರಂದು, 92ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಒಡಿಸ್ಸಿಗೆ ಅಂಕ ಎಣಿಸಲು ಬರುತ್ತಿರಲಿಲ್ಲ, ಅದಕ್ಕೆ ಧ್ವನಿಯೂ ಇರಲಿಲ್ಲ. ಬಹುತೇಕ ಆಟಗಳಿಗೆ ಇಬ್ಬರು ಬೇಕಿತ್ತು. ಗೆದ್ದವರು ಯಾರೆಂಬುದನ್ನು ಆಡುವವರೇ ಲೆಕ್ಕವಿಟ್ಟು ಒಪ್ಪಿಕೊಳ್ಳಬೇಕಿತ್ತು. ಈ ಕೊರತೆಯನ್ನೇ ನಾನು ಅದರ ಗುಣವೆಂದು ಭಾವಿಸುತ್ತೇನೆ. ಇಂದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಜೋಡಣೆ ಮುಗಿಯುತ್ತದೆ. ಎಲ್ಲ ಲೆಕ್ಕವನ್ನೂ ಯಂತ್ರವೇ ಇಡುತ್ತದೆ. ಅನೇಕ ಆಟಗಳು ಆಡುವವರನ್ನು ಸುಲಭವಾಗಿ ಏಳಗೊಡುವುದಿಲ್ಲ. ಪ್ರಸಾರ ಮಾಡಿದ್ದನ್ನಷ್ಟೇ ನೋಡುತ್ತಿದ್ದವರ ಕೈಗೆ ಬೇರ್ ತೆರೆಯ ಹಿಡಿತವನ್ನು ಕೊಟ್ಟಿದ್ದರು. ಆ ಹಿಡಿತ ಮತ್ತೆ ಯಂತ್ರದ ಕೈಸೇರದಂತೆ ಕಾಯುವುದು ನಮ್ಮ ಹೊಣೆ. ಮಕ್ಕಳಿಂದ ಪೆಟ್ಟಿಗೆ ಕಿತ್ತುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಕುಳಿತು ಇನ್ನೊಂದು ಕಂಟ್ರೋಲರ್ ಹಿಡಿಯುವುದೇ ಅದಕ್ಕೆ ಮೇಲಾದ ದಾರಿ.